ಕಷ್ಟಕಾಲಕ್ಕೆ ಕೈಸೇರುವ ಹಣ

ಅಭಿವೃದ್ಧಿ ಅರ್ಥಶಾಸ್ತ್ರದ ತರಗತಿಯಲ್ಲಿ ಆಫ್ರಿಕಾದ ಮಾತು ಬಂದರೆ ವಿದ್ಯಾರ್ಥಿಗಳು ಮೊದಲು ಕೇಳುವುದು, ಅಲ್ಲಿ ಇಂಟರ್‌ನೆಟ್ ಎಷ್ಟು ಜನರಿಗಿದೆ ಎಂದು. ನಾನು ಮೊಬೈಲಿನಲ್ಲೇ ಹಣ ಕಳುಹಿಸುವ ಕೀನ್ಯಾದ ಸೇವೆ ಎಂ-ಪೆಸಾದ ಕಥೆ ಹೇಳುತ್ತೇನೆ. ಅದಕ್ಕೆ ಇಂಟರ್‌ನೆಟ್ ಬೇಕೇ ಇರಲಿಲ್ಲ.

2007ರ ಮಾರ್ಚ್‌ನಲ್ಲಿ ಅಲ್ಲಿನ ಮೊಬೈಲ್ ಕಂಪನಿ ಸಫಾರಿಕಾಮ್ ಆರಂಭಿಸಿದ ಸೇವೆ ಇದು. ‘ಪೆಸಾ’ ಎಂದರೆ ಸ್ವಾಹಿಲಿಯಲ್ಲಿ ಹಣ. ಕೇಳಿದರೆ ನಮ್ಮ ಪೈಸೆ ನೆನಪಾಗುತ್ತದೆ. ಆದರೆ ನಮ್ಮ ಯುಪಿಐ ನಿಂತಿರುವುದು ಬ್ಯಾಂಕ್ ಖಾತೆಯ ಮೇಲೆ. ಎಂ-ಪೆಸಾಗೆ ಸಾದಾ ಮೊಬೈಲ್ ಸಾಕಿತ್ತು. ನೈರೋಬಿಯಲ್ಲಿ ದುಡಿಯುವ ಮಗ ರಸ್ತೆಬದಿಯ ಏಜೆಂಟರ ಅಂಗಡಿಯಲ್ಲಿ ನಗದು ಕೊಟ್ಟು ಮೊಬೈಲ್ ಖಾತೆಗೆ ಜಮಾ ಮಾಡಿಸಿ, ಗುಪ್ತಸಂಖ್ಯೆ ಒತ್ತಿ ಊರಿಗೆ ಕಳುಹಿಸುತ್ತಾನೆ. ಹಳ್ಳಿಯಲ್ಲಿ ತಾಯಿ ಅಂಥದೇ ಅಂಗಡಿಯಲ್ಲಿ ನಗದು ಪಡೆಯುತ್ತಾಳೆ. ಮೊದಲು ಇದೇ ಹಣ ಬಸ್ ಚಾಲಕರ ಕೈಯಲ್ಲೋ ಊರಿಗೆ ಹೊರಟ ಪರಿಚಿತರ ಜೇಬಿನಲ್ಲೋ ಹೋಗಬೇಕಿತ್ತು. ನನ್ನ ಮಟ್ಟಿಗೆ ಈ ವ್ಯವಸ್ಥೆಯ ಜೀವಾಳ ಆ ಅಂಗಡಿಯೇ: ಸಂಜೆಯ ಹೊತ್ತಿಗೆ ಅಲ್ಲಿನ ಗಲ್ಲಾ ಬರಿದಾಗಿದ್ದರೆ ತಾಯಿ ಬರಿಗೈಯಲ್ಲಿ ಮರಳಬೇಕು.

ಅರ್ಥಶಾಸ್ತ್ರಜ್ಞರಾದ ತವ್ನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ ವರ್ಷಗಟ್ಟಲೆ ಅಲ್ಲಿನ ಕುಟುಂಬಗಳನ್ನು ಅಧ್ಯಯನ ಮಾಡಿದರು. 2016ರಲ್ಲಿ ಅವರು ಪ್ರಕಟಿಸಿದ ಅಂದಾಜಿನಂತೆ ಎಂ-ಪೆಸಾದಿಂದಾಗಿ 1,94,000 ಕುಟುಂಬಗಳು, ಅಂದರೆ ದೇಶದ ಶೇ 2ರಷ್ಟು ಮನೆಗಳು, ಬಡತನದಿಂದ ಮೇಲೆ ಬಂದವು. 1,85,000 ಮಹಿಳೆಯರು ಬೇಸಾಯದಿಂದ ಸಣ್ಣ ವ್ಯಾಪಾರದತ್ತ ಹೊರಳಿದರು. ಎಲ್ಲರೂ ಉಲ್ಲೇಖಿಸುವುದು ಈ ಅಂಕಿಗಳನ್ನೇ. ನನಗೆ ಅವರ 2014ರ ಪ್ರಬಂಧ ಇನ್ನೂ ದೊಡ್ಡದಾಗಿ ಕಾಣುತ್ತದೆ. ಕಾಯಿಲೆ, ಬೆಳೆನಷ್ಟದಂಥ ಆಘಾತ ಬಂದಾಗ ಎಂ-ಪೆಸಾ ಬಳಸದ ಮನೆಗಳ ಖರ್ಚು ಶೇ 7ರಷ್ಟು ಕುಗ್ಗಿತು. ಬಳಸುವವರ ಮನೆಗಳಲ್ಲಿ ಕುಗ್ಗಲಿಲ್ಲ. ದೂರದಲ್ಲಿದ್ದ ಹೆಚ್ಚು ನಂಟರು ಹಣ ಕಳುಹಿಸಲು ಸಾಧ್ಯವಾದದ್ದೇ ಅದಕ್ಕೆ ಕಾರಣ. ಆಯುಸ್ಸು, ಶಿಕ್ಷಣ, ಆದಾಯಗಳನ್ನು ಅಳೆಯುವ ಮಾನವ ಅಭಿವೃದ್ಧಿ ಸೂಚ್ಯಂಕಕ್ಕೆ ಈ ಆಸರೆ ನೇರವಾಗಿ ಕಾಣದು. ಕೆಟ್ಟ ವರ್ಷದಲ್ಲೂ ಮಕ್ಕಳ ತಟ್ಟೆ ಬರಿದಾಗದಿರುವುದನ್ನು ನಾನಂತೂ ಅಭಿವೃದ್ಧಿ ಎಂದೇ ಕರೆಯುತ್ತೇನೆ.

ಅದೇ ಮೊಬೈಲಿನ ದಾರಿಯಲ್ಲಿ ಸಾಲವೂ ಬಂತು. ನಿಮಿಷಗಳಲ್ಲಿ ಸಾಲ ಕೊಡುವ ಆ್ಯಪ್‌ಗಳು ದುಬಾರಿ ಬಡ್ಡಿ ಹಾಕಿದವು. ಕಂತು ತಪ್ಪಿದರೆ ಸಾಲಗಾರರ ನಂಟರಿಗೆ, ಗೆಳೆಯರಿಗೆ ಕರೆ ಮಾಡಿ ಮಾನ ಕಳೆದವು. ಕಷ್ಟಕ್ಕೆ ಒದಗುತ್ತಿದ್ದ ಸಂಬಂಧಗಳೇ ವಸೂಲಿಯ ಆಯುಧವಾದದ್ದು ನನ್ನನ್ನು ತೀವ್ರವಾಗಿ ಕಾಡುತ್ತದೆ. ಹೀಗೆ ಸಾಲ ಕೊಡುವ ವ್ಯವಹಾರಕ್ಕೆ ಕೀನ್ಯಾದ ಕೇಂದ್ರ ಬ್ಯಾಂಕಿನ ಪರವಾನಗಿ ಕಡ್ಡಾಯ ಮಾಡುವ ಕಾನೂನಿಗೆ ಅಂಕಿತ ಬಿದ್ದದ್ದು 2021ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಅಲ್ಪ ಮೊತ್ತದ ಬಾಕಿಗಾಗಿಯೇ ಅದೆಷ್ಟೋ ಜನರ ಹೆಸರು ಸುಸ್ತಿದಾರರ ಪಟ್ಟಿ ಸೇರಿಯಾಗಿತ್ತು.