ಹದಿನಾರರ ಮಗಳು ರಕ್ತದಾನ ಮಾಡುತ್ತೇನೆ ಎನ್ನುತ್ತಾಳೆ: ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬಹುದೇ?

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ. ಹದಿನಾರು ತುಂಬಿದ ಮಗಳು ತನ್ನ ಹೈಸ್ಕೂಲಿನಲ್ಲಿ ನಡೆಯಲಿರುವ ರಕ್ತದಾನ ಶಿಬಿರಕ್ಕೆ ಹೆಸರು ಕೊಟ್ಟು, ಪೋಷಕರ ಒಪ್ಪಿಗೆ ಪತ್ರ ತಂದಿದ್ದಾಳೆ. ಊರಿನಲ್ಲಿ ಹದಿನೆಂಟು ತುಂಬದವರಿಂದ ರಕ್ತ ತೆಗೆದುಕೊಳ್ಳುವುದಿಲ್ಲ. ಇಲ್ಲಿ ಸಹಿ ಹಾಕುವುದು ಕ್ಷೇಮವೇ?

ಉತ್ತರ: ಕಾನೂನಿನ ಅಡ್ಡಿಯಿಲ್ಲ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ 17 ತುಂಬಿದವರು ತಮ್ಮ ಸ್ವಂತ ಒಪ್ಪಿಗೆಯ ಮೇಲೆಯೇ ರಕ್ತ ಕೊಡಬಹುದು. ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಸೇರಿದಂತೆ ಹಲವು ರಾಜ್ಯಗಳಲ್ಲಿ 16 ತುಂಬಿದವರೂ ತಂದೆ ಅಥವಾ ತಾಯಿಯ ಲಿಖಿತ ಒಪ್ಪಿಗೆಯಿದ್ದರೆ ಕೊಡಬಹುದು. ಭಾರತದಲ್ಲಿ ದಾನಿಯ ವಯಸ್ಸು 18ರಿಂದ 65ರ ಒಳಗಿರಬೇಕೆಂಬ ನಿಯಮವಿರುವುದರಿಂದ ಅಲ್ಲಿ ಪೋಷಕರು ಬರೆದುಕೊಟ್ಟರೂ ಪ್ರಯೋಜನವಿಲ್ಲ.

ಕ್ಷೇಮದ ಪ್ರಶ್ನೆಗೆ ನನ್ನ ಉತ್ತರ ಇದು: ಮಗಳು ಆರೋಗ್ಯವಾಗಿದ್ದು, ಸ್ನೇಹಿತೆಯರ ಒತ್ತಾಯವಿಲ್ಲದೆ ತಾನಾಗಿಯೇ ಬಯಸಿದ್ದರೆ ಸಹಿ ಹಾಕಬಹುದು, ಆದರೆ ಅದಕ್ಕೆ ಮೊದಲು ಆಕೆಯ ತೂಕ ಮತ್ತು ದೇಹದಲ್ಲಿರುವ ಕಬ್ಬಿಣಾಂಶ ಇವೆರಡನ್ನೂ ವಿಚಾರಿಸಬೇಕು. ಮೊದಲನೆಯದನ್ನು ಶಿಬಿರದವರೇ ನೋಡುತ್ತಾರೆ. ಎರಡನೆಯದನ್ನು ಅವರು ಸಾಮಾನ್ಯವಾಗಿ ನೋಡುವುದಿಲ್ಲ.

ಒಂದು ಸಲಕ್ಕೆ ತೆಗೆಯುವ ರಕ್ತ ಸುಮಾರು ಅರ್ಧ ಲೀಟರ್. ದಾನಿ ದೊಡ್ಡ ಆಳಾದರೂ ಸಣ್ಣ ಹುಡುಗಿಯಾದರೂ ಚೀಲದ ಅಳತೆ ಬದಲಾಗುವುದಿಲ್ಲ, ಆದ್ದರಿಂದ ದೇಹದಲ್ಲಿ ಒಟ್ಟು ರಕ್ತ ಕಡಿಮೆಯಿರುವವರಿಗೆ ನಷ್ಟದ ಪಾಲು ಹೆಚ್ಚಾಗುತ್ತದೆ. ಆ ಪಾಲು ಶೇಕಡಾ 15ನ್ನು ಮೀರಬಾರದೆಂಬ ಲೆಕ್ಕದಲ್ಲಿ, ವಯಸ್ಕರಿಗೆ 110 ಪೌಂಡ್, ಅಂದರೆ ಸುಮಾರು 50 ಕಿಲೋ ತೂಕ ಸಾಕೆನ್ನುವ ಅಮೆರಿಕನ್ ರೆಡ್ ಕ್ರಾಸ್ ಸಂಸ್ಥೆ, 18 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ಎತ್ತರಕ್ಕೆ ತಕ್ಕ ತೂಕದ ಪ್ರತ್ಯೇಕ ಪಟ್ಟಿಯನ್ನು ಅನುಸರಿಸುತ್ತದೆ. ಅದರ ಪ್ರಕಾರ ಐದು ಅಡಿ ಎತ್ತರದ ಹುಡುಗಿ 138 ಪೌಂಡ್, ಎಂದರೆ 62 ಕಿಲೋಗಿಂತ ತುಸು ಹೆಚ್ಚು ತೂಗಬೇಕು. ನಮ್ಮ ಮನೆಗಳ ಸಣ್ಣಮೈಯ ಹೆಣ್ಣುಮಕ್ಕಳಲ್ಲಿ ಅನೇಕರು ಇಲ್ಲಿಯೇ ಹಿಂದಿರುಗಬೇಕಾಗುತ್ತದೆ. ಅದರಲ್ಲಿ ಅವಮಾನವೇನೂ ಇಲ್ಲವೆಂದು ಮೊದಲೇ ತಿಳಿಸಿ, ಮಗಳು ತೂಕವನ್ನು ಹೆಚ್ಚಿಸಿ ಹೇಳದಂತೆ ನೋಡಿಕೊಳ್ಳಿ.

ಬವಳಿ ಬರುವ ಭಯ ಸುಳ್ಳಲ್ಲ. ರೆಡ್ ಕ್ರಾಸ್‌ನ ದಾನಿಗಳನ್ನು ಕುರಿತು 2008ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ತ ಕೊಟ್ಟ 16–17ರ ವಯಸ್ಸಿನವರಲ್ಲಿ ಶೇಕಡಾ 10.7ರಷ್ಟು ಮಂದಿಗೆ ತಲೆಸುತ್ತಿನಂತಹ ತೊಂದರೆ ಕಾಣಿಸಿಕೊಂಡಿತ್ತು. 20 ದಾಟಿದವರಲ್ಲಿ ಆ ಪ್ರಮಾಣ ಶೇಕಡಾ 2.8 ಮಾತ್ರ. ಹೆಚ್ಚಿನವು ಸ್ವಲ್ಪ ಹೊತ್ತು ಮಲಗಿದರೆ ಸರಿಹೋಗುವಂಥವು, ಆದರೆ ನಿಂತಲ್ಲಿಂದ ಬಿದ್ದು ತಲೆಗೆ ಪೆಟ್ಟಾಗುವ ಸಂಭವವನ್ನು ಅಲಕ್ಷಿಸಬಾರದು. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಬೆಳಿಗ್ಗೆ ಹೊಟ್ಟೆ ತುಂಬ ತಿಂಡಿ ತಿಂದು, ಸೂಜಿ ಚುಚ್ಚುವ ಮುನ್ನ ಅರ್ಧ ಲೀಟರ್ ನೀರು ಕುಡಿದು, ರಕ್ತ ಹರಿಯುವಾಗ ಕಾಲು ಮತ್ತು ಹೊಟ್ಟೆಯ ಸ್ನಾಯುಗಳನ್ನು ಆಗಾಗ ಬಿಗಿದು ಸಡಿಲಿಸುತ್ತಿದ್ದರೆ ಈ ಅಪಾಯ ಕಡಿಮೆಯಾಗುತ್ತದೆ. ಪರೀಕ್ಷೆಗೆಂದು ನಿದ್ದೆಗೆಟ್ಟ ಮರುದಿನವಾಗಲಿ, ಸಂಜೆ ಆಟದ ಪಂದ್ಯವಿರುವ ದಿನವಾಗಲಿ ಬೇಡವೆನ್ನಿ. ಉಪವಾಸದ ದಿನವಂತೂ ಖಂಡಿತ ಬೇಡ.

ಕಬ್ಬಿಣಾಂಶದ ವಿಷಯ ಇದಕ್ಕಿಂತ ಗಂಭೀರವಾದದ್ದು, ಏಕೆಂದರೆ ಅದರ ಕೊರತೆ ಆ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಶಿಬಿರದಲ್ಲಿ ಬೆರಳು ಚುಚ್ಚಿ ಅಳೆಯುವುದು ಹಿಮೋಗ್ಲೋಬಿನ್ನನ್ನು, ಹುಡುಗಿಯರಿಗೆ 12.5, ಹುಡುಗರಿಗೆ 13 ಗ್ರಾಂ ಇದ್ದರೆ ಸಾಕು. ಅಡುಗೆಮನೆಯ ಡಬ್ಬಿಯಲ್ಲಿ ಅಕ್ಕಿಯಿದ್ದ ಮಾತ್ರಕ್ಕೆ ಕಣಜ ತುಂಬಿದೆ ಎನ್ನಲಾಗದಂತೆ, ಹಿಮೋಗ್ಲೋಬಿನ್ ಸರಿಯಿದ್ದರೂ ದೇಹದ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಆ ದಾಸ್ತಾನನ್ನು ತೋರಿಸುವುದು ಫೆರಿಟಿನ್ ಎಂಬ ಬೇರೆಯೇ ಪರೀಕ್ಷೆ. ಒಂದು ಸಲದ ದಾನದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೊರಹೋಗುತ್ತದೆ. ಹದಿಹರೆಯದ ಹುಡುಗಿಗೆ ದಿನಕ್ಕೆ ಆಹಾರದಿಂದ ಬೇಕಾದದ್ದು 15 ಮಿಲಿಗ್ರಾಂ, ಮತ್ತು ತಿಂದದ್ದರಲ್ಲಿ ಮೈಗೆ ಹತ್ತುವುದು ಸ್ವಲ್ಪ ಭಾಗವಷ್ಟೇ. ಮೈ ಇನ್ನೂ ಬೆಳೆಯುತ್ತಿರುವ, ತಿಂಗಳು ತಿಂಗಳೂ ಮುಟ್ಟಿನಲ್ಲಿ ರಕ್ತ ಕಳೆದುಕೊಳ್ಳುವ ಮಗುವಿಗೆ ಈ ನಷ್ಟ ತುಂಬಿಬರಲು ಆರು ತಿಂಗಳಾದರೂ ಸಾಲದಿರಬಹುದು. ಆದರೂ 56 ದಿನಗಳ ಅಂತರವಿದ್ದರೆ ಮತ್ತೆ ರಕ್ತ ಕೊಡಲು ಅಮೆರಿಕದ ನಿಯಮ ಅವಕಾಶ ಕೊಡುತ್ತದೆ.

ಸಸ್ಯಾಹಾರಿ ಮನೆಗಳವರು ಇಲ್ಲಿ ಇನ್ನಷ್ಟು ಎಚ್ಚರದಿಂದಿರಬೇಕು. ಸೊಪ್ಪು, ಹುರುಳಿಕಾಳು, ಹೆಸರುಕಾಳುಗಳಲ್ಲಿ ಕಬ್ಬಿಣವಿರುವುದು ನಿಜ, ಆದರೆ ಅದು ಮಾಂಸದ ಕಬ್ಬಿಣದಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಪಲ್ಯಕ್ಕೆ ನಿಂಬೆರಸ ಹಿಂಡುವುದು ನೆರವಾಗುತ್ತದೆ. ಊಟದ ಬೆನ್ನಿಗೇ ಕಾಫಿ ಅಥವಾ ಚಹಾ ಕುಡಿಯುವುದು ಅಡ್ಡಿಯಾಗುತ್ತದೆ. ಮಗಳಿಗೆ ಮುಟ್ಟಿನ ಸ್ರಾವ ಹೆಚ್ಚೇ, ಬೇಗ ಸುಸ್ತಾಗುತ್ತಾಳೆಯೇ, ಹಿಂದೆ ರಕ್ತಹೀನತೆಯೆಂದು ವೈದ್ಯರು ಹೇಳಿದ್ದುಂಟೇ ಎಂಬುದು ತಾಯಿಗೆ ಗೊತ್ತಿರುತ್ತದೆ, ಶಿಬಿರದ ಸಿಬ್ಬಂದಿಗೆ ಗೊತ್ತಿರುವುದಿಲ್ಲ. ಪೋಷಕರ ಸಹಿಗೆ ನಿಜವಾದ ಬೆಲೆಯಿರುವುದು ಇಲ್ಲಿ. ಇವುಗಳಲ್ಲಿ ಒಂದಕ್ಕೆ ಉತ್ತರ ಹೌದೆಂದಾದರೂ ಮೊದಲು ಫೆರಿಟಿನ್ ಪರೀಕ್ಷೆ ಮಾಡಿಸಿ. ದಾನದ ನಂತರ ಎರಡು ತಿಂಗಳು 18 ಮಿಲಿಗ್ರಾಂ ಕಬ್ಬಿಣವಿರುವ ಮಾತ್ರೆ ಕೊಡಬಹುದೇ ಎಂದು ಮಕ್ಕಳ ವೈದ್ಯರನ್ನು ಕೇಳಿ. ಹೈಸ್ಕೂಲು ಮುಗಿಯುವವರೆಗೆ ಹುಡುಗಿಯರು ವರ್ಷಕ್ಕೊಮ್ಮೆ ಕೊಟ್ಟರೆ ಸಾಕೆಂಬುದು ನನ್ನ ಅಭಿಪ್ರಾಯ.

ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿಬಂದಿದ್ದೀರಾ? ಭಾರತ ಮಲೇರಿಯಾ ಪ್ರದೇಶಗಳ ಪಟ್ಟಿಯಲ್ಲಿರುವುದರಿಂದ, 2020ರಲ್ಲಿ ಸಡಿಲಿಸಿದ ನಿಯಮದಂತೆ, ಪ್ರವಾಸದಿಂದ ಮರಳಿದ ಮೇಲೆ ಮೂರು ತಿಂಗಳು ಕಾಯಬೇಕು. ಅಜ್ಜಿಯ ಮನೆ ಬೆಂಗಳೂರಿನಲ್ಲಿದ್ದರೂ ಇದು ಅನ್ವಯಿಸುತ್ತದೆ. ಐದು ವರ್ಷಕ್ಕೂ ಹೆಚ್ಚು ಕಾಲ ಭಾರತದಲ್ಲಿದ್ದು ಈಚೆಗೆ ಬಂದ ಮಕ್ಕಳಿಗೆ ಈ ಅವಧಿ ಮೂರು ವರ್ಷ. ಸೆಪ್ಟೆಂಬರ್ ಶಿಬಿರಕ್ಕೆ ಹೆಸರು ಕೊಡುವ ಮೊದಲೇ ರಕ್ತ ಕೇಂದ್ರಕ್ಕೆ ಫೋನ್ ಮಾಡಿ ಕೇಳುವುದು ಒಳ್ಳೆಯದು.

ಸಹಿ ಮಾಡುವ ಮುನ್ನ ತಿಳಿದಿರಬೇಕಾದದ್ದು ಇನ್ನೂ ಒಂದಿದೆ. ಆರೋಗ್ಯದ ಪ್ರಶ್ನೆಗಳನ್ನು, ಲೈಂಗಿಕ ಸಂಪರ್ಕದ ಬಗೆಗಿನವನ್ನೂ ಸೇರಿಸಿ, ದಾನಿಯನ್ನು ಮಾತ್ರ ಕೂರಿಸಿಕೊಂಡು ಕೇಳುತ್ತಾರೆ, ತಾಯಿತಂದೆ ಪಕ್ಕದಲ್ಲಿರುವಂತಿಲ್ಲ. ಆ ಉತ್ತರಗಳು ಪ್ರಾಮಾಣಿಕವಾಗಿರಬೇಕಾದದ್ದು ರಕ್ತ ಪಡೆಯುವ ರೋಗಿಯ ಹಿತಕ್ಕಾಗಿ, ಆದ್ದರಿಂದ ಏನು ಕೇಳಿದರು, ಏನು ಹೇಳಿದೆ ಎಂದು ಮನೆಗೆ ಬಂದ ಮೇಲೆ ವಿಚಾರಣೆ ನಡೆಸಬೇಡಿ. ನಿಮ್ಮ ಸಹಿಯಿದ್ದರೂ ಸೂಜಿ ಚುಚ್ಚುವ ಕೊನೆಯ ಗಳಿಗೆಯವರೆಗೆ ಬೇಡವೆನ್ನುವ ಹಕ್ಕು ಅವಳದೇ, ಮತ್ತು ಅದನ್ನು ಅವಳಿಗೆ ನೀವೇ ಬಾಯಿಬಿಟ್ಟು ಹೇಳಿ ಕಳುಹಿಸಬೇಕು.