ಸ್ನೋಬೋರ್ಡ್ ಬೂಟು ಕಾಲಿಗೆ ಕೂರಿಸುವ ಬಗೆ: ಮೊದಲು ಫುಟ್‌ಬೆಡ್, ಆಮೇಲೆ ಶಾಖ

ಹೊಸ ಚಪ್ಪಲಿ ಕಚ್ಚಿದರೆ ನಾಲ್ಕು ದಿನ ತಡೆದುಕೊಳ್ಳಬೇಕು, ಆಮೇಲೆ ತಾನಾಗಿ ಕಾಲಿಗೆ ಒಗ್ಗುತ್ತದೆ. ನಮ್ಮ ಮನೆಗಳಲ್ಲಿ ಎಲ್ಲರೂ ಹೇಳುವ ಮಾತಿದು. ಸ್ನೋಬೋರ್ಡ್ ಅಂದರೆ ಎರಡೂ ಕಾಲು ಬಿಗಿದು ನಿಂತು ಹಿಮದ ಇಳಿಜಾರಿನಲ್ಲಿ ಜಾರುವ ಹಲಗೆ. ಅದರ ಬೂಟಿನ ಮಟ್ಟಿಗೆ ಈ ಮಾತು ಅರ್ಧ ಮಾತ್ರ ನಿಜ. ಬೂಟು ಒಗ್ಗುತ್ತದೆ, ಆದರೆ ಕಾಲು ತಪ್ಪಾಗಿ ಕೂತಿದ್ದರೆ ಆ ತಪ್ಪಿಗೇ ಒಗ್ಗುತ್ತದೆ. ಕೆನಡಾದ ವ್ಯಾಂಕೂವರ್‌ನಲ್ಲಿ ನನಗಿದು ಮೂರನೇ ಚಳಿಗಾಲ. ಊರಿಗೆ ಹತ್ತಿರದ ಸೈಪ್ರೆಸ್ ಬೆಟ್ಟದಲ್ಲಿ ಬೋರ್ಡ್ ಕಲಿಯುತ್ತಿದ್ದೇನೆ. ಮೊದಲ ಎರಡು ವರ್ಷ ಮಧ್ಯಾಹ್ನದ ಹೊತ್ತಿಗೆ ಬೆರಳು ಮರಗಟ್ಟಿ ಕೆಳಗಿಳಿದು ಬರುತ್ತಿದ್ದೆ. ಈಗ ಕಲಿಯುತ್ತಿರುವ ಗೆಳೆಯರಿಗೆ ಆ ಪಾಡು ಬೇಡ ಅಂತ ಇದನ್ನು ಬರೆದಿಡುತ್ತಿದ್ದೇನೆ.

ಬೂಟಿನೊಳಗೆ ಏನಿದೆ ಅಂತ ಮೊದಲು ನೋಡೋಣ. ಹೊರಗಿನ ಗಟ್ಟಿ ಹೊದಿಕೆ ಶೆಲ್. ಅದರೊಳಗೆ ಬಿಡಿಸಿ ಹೊರತೆಗೆಯಬಹುದಾದ ಮೆತ್ತನೆಯ ಇನ್ನೊಂದು ಬೂಟು ಇದೆ, ಅದು ಲೈನರ್. ಲೈನರ್ ತಳದಲ್ಲಿ ಒಂದು ತೆಳು ಇನ್‌ಸೋಲ್ ಇರುತ್ತದೆ. ಬಹಳಷ್ಟು ಬೂಟುಗಳಲ್ಲಿ ಅದು ಸುಮ್ನೆ ಚಪ್ಪಟೆ ಹಾಳೆ. ಅದನ್ನು ತೆಗೆದು, ಅಂಗಾಲಿನ ಕಮಾನಿಗೆ ಆಸರೆ ಕೊಡುವ ಗಟ್ಟಿ ತಳ ಹಾಕಿದರೆ ಅದೇ ಫುಟ್‌ಬೆಡ್. ಶಾಖ ಕೊಟ್ಟು ಕೂರಿಸುವ ಲೈನರ್‌ಗಳು ಈವಿಎ ಅನ್ನುವ ಮೆತ್ತನೆ ಪ್ಲಾಸ್ಟಿಕ್ ಫೋಮ್‌ನವು. ಈ ಫೋಮ್ ತುಂಬ ಸಣ್ಣ ಗಾಳಿಗುಳ್ಳೆಗಳು. ಬಿಸಿಯಾದರೆ ಮೆತ್ತಗಾಗುತ್ತದೆ. ತಣ್ಣಗಾಗುವಾಗ ಹೇಗೆ ಒತ್ತಿಕೊಂಡಿತ್ತೋ ಹಾಗೇ ನಿಂತುಬಿಡುತ್ತದೆ.

ಹಾಗಾಗಿ ಅಳತೆ, ಫುಟ್‌ಬೆಡ್, ಶಾಖ, ಈ ಕ್ರಮ ತಪ್ಪಬಾರದು. ನಾನು ತಪ್ಪಿಸಿದ್ದೆ. ಏನಾಯಿತು ಅಂತ ಮುಂದೆ ಹೇಳುತ್ತೇನೆ.

ಅಳತೆ

ಶೂ ನಂಬರನ್ನು ಮರೆತುಬಿಡಿ. ಊರಲ್ಲಿ ನಾನು 9ನೇ ನಂಬರ್ ಹಾಕುತ್ತಿದ್ದೆ. ಅದು ಬ್ರಿಟಿಷ್ ಲೆಕ್ಕ, ಇಲ್ಲಿಯ ಅಮೆರಿಕನ್ ಲೆಕ್ಕದಲ್ಲಿ 10. ಅದನ್ನೇ ಹೇಳಿ ಮೊದಲ ಬೂಟು ತಂದೆ. ಆಮೇಲೆ ಹಿಮ್ಮಡಿಯನ್ನು ಗೋಡೆಗೆ ಒತ್ತಿ, ಹಾಳೆಯ ಮೇಲೆ ಪೂರ್ತಿ ಭಾರ ಹಾಕಿ ನಿಂತು ಅಳೆದರೆ ಎಡಗಾಲು 26.1 ಸೆಂಟಿಮೀಟರ್, ಬಲಗಾಲು 26.5. ಬೂಟಿನ ನಾಲಿಗೆಯ ಮೇಲೆ ಅಚ್ಚಾಗಿದ್ದದ್ದು 28. ಒಂದೂವರೆ ಸೆಂಟಿಮೀಟರ್ ಜಾಸ್ತಿ! ಓಡಾಡುವ ಶೂಗಳಲ್ಲಿ ಬೆರಳ ಮುಂದೆ ಜಾಗ ಬಿಟ್ಟೇ ಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಆ ಜಾಗ ಬೇಡ. ಬೂಟಿನ ಮೇಲೆ ಸೆಂಟಿಮೀಟರ್ ಅಥವಾ ಮಿಲಿಮೀಟರ್‌ನಲ್ಲಿ ಬರೆದಿರುವ ಅಳತೆಗೆ ಮಾಂಡೊಪಾಯಿಂಟ್ ಅನ್ನುತ್ತಾರೆ. ಅದು ನೇರವಾಗಿ ಪಾದದ ಉದ್ದ. ಉದ್ದದ ಕಾಲನ್ನೇ ಹಿಡಿದು ಅಲ್ಲಿಂದ ಶುರುಮಾಡಿ. ಸಂಜೆ ಹೊತ್ತು ಅಳೆಯಿರಿ, ದಿನ ಕಳೆದಂತೆ ಕಾಲು ಸ್ವಲ್ಪ ಊದಿಕೊಂಡಿರುತ್ತದೆ.

ಬೂಟು ಹಾಕಿ ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದಿನ ಗೋಡೆಗೆ ತಾಗಬೇಕು, ಮಡಚಿಕೊಳ್ಳಬಾರದು. ಮೊಣಕಾಲು ಬಗ್ಗಿಸಿದರೆ ಹಿಮ್ಮಡಿ ಹಿಂದಿನ ಗುಳಿಗೆ ಸರಿದು ಕೂರುತ್ತದೆ, ಬೆರಳು ಗೋಡೆ ಬಿಡುತ್ತದೆ. ಬೋರ್ಡಿನ ಮೇಲೆ ನಾವು ಯಾವಾಗಲೂ ಬಗ್ಗಿಯೇ ಇರುತ್ತೇವೆ. ಹಾಗಾಗಿ ಅಂಗಡಿಯಲ್ಲಿ ನೆಟ್ಟಗೆ ನಿಂತು ‘ಚಿಕ್ಕದಾಯಿತು’ ಅಂತ ತೀರ್ಮಾನ ಮಾಡಬೇಡಿ.

ನಮ್ಮಂಥವರು ಅಗಲದ ಬಗ್ಗೆ ವಿಶೇಷ ಗಮನ ಕೊಡಬೇಕು. ಬೆಲ್ಜಿಯಂನ ಸಂಶೋಧಕರು ದಕ್ಷಿಣ ಭಾರತದಲ್ಲಿ ಬರಿಗಾಲಲ್ಲಿ ನಡೆದು ಬೆಳೆದವರು, ಪಾದರಕ್ಷೆ ಹಾಕುವ ಭಾರತೀಯರು, ಪಾಶ್ಚಾತ್ಯರು, ಮೂರೂ ಗುಂಪಿನ ಪಾದ ಅಳೆದು 2009ರಲ್ಲಿ ಪ್ರಕಟಿಸಿದರು. ಬರಿಗಾಲಿನವರ ಪಾದ ಅಗಲವಾಗಿತ್ತು. ಪಾಶ್ಚಾತ್ಯರ ಪಾದ ಎರಡೂ ಭಾರತೀಯ ಗುಂಪುಗಳಿಗಿಂತ ಸಪೂರವಾಗಿತ್ತು. ಇದನ್ನು ಓದಿದ ಮೇಲೆ ನನ್ನ ಕಿರುಬೆರಳ ಬುಡ ಯಾಕೆ ಯಾವಾಗಲೂ ಉರಿಯುತ್ತಿತ್ತು ಅಂತ ಹೊಳೆಯಿತು. ಅಗಲ ಸಾಲದಿದ್ದರೆ ಉದ್ದದಲ್ಲಿ ಒಂದು ಅಳತೆ ಮೇಲೆ ಹೋಗಬೇಡಿ. ಅದೇ ಉದ್ದದಲ್ಲಿ ‘ವೈಡ್’ ಅಂತ ಬರುವ ಬೂಟು ಕೇಳಿ.

ಫುಟ್‌ಬೆಡ್ ಯಾಕೆ ಮೊದಲು

ಕೂತಿದ್ದಾಗ ಪಾದದ ಕಮಾನು ಎದ್ದಿರುತ್ತದೆ. ನಿಂತರೆ ಭಾರಕ್ಕೆ ಕುಸಿಯುತ್ತದೆ, ಪಾದ ಕೆಲವು ಮಿಲಿಮೀಟರ್ ಉದ್ದವಾಗುತ್ತದೆ, ಅಗಲವೂ ಆಗುತ್ತದೆ. ಸ್ನಾನ ಮಾಡಿ ಒದ್ದೆ ಕಾಲಲ್ಲಿ ಹೊರಬಂದಾಗ ನೆಲದ ಮೇಲಿನ ಹೆಜ್ಜೆ ಗುರುತು ನೋಡಿ. ನಡುವೆ ಸೊಂಟದ ಹಾಗೆ ಒಳಗೆ ಬಾಗಿದ್ದರೆ ಕಮಾನು ನಿಂತಿದೆ. ಇಡೀ ಅಂಗಾಲು ಮೂಡಿದ್ದರೆ ಚಪ್ಪಟೆ ಪಾದ.

ಫುಟ್‌ಬೆಡ್ ಈ ಕುಸಿತವನ್ನು ತಡೆಯುತ್ತದೆ, ಹಿಮ್ಮಡಿಯನ್ನು ಬಟ್ಟಲಿನ ಹಾಗೆ ಸುತ್ತ ಹಿಡಿಯುತ್ತದೆ. ಜೊತೆಗೆ ಪಾದವನ್ನು ಬೂಟಿನೊಳಗೆ ಸ್ವಲ್ಪ ಮೇಲೆ ಎತ್ತುತ್ತದೆ. ನಾನು ಎಡವಿದ್ದು ಇಲ್ಲೇ. ಎರಡನೇ ಬೂಟಿನ ಅಳತೆ ಸರಿಯಿತ್ತು. ಅಂಗಡಿಯಲ್ಲಿ ಚಪ್ಪಟೆ ಇನ್‌ಸೋಲ್ ಇಟ್ಟುಕೊಂಡೇ ಲೈನರ್‌ಗೆ ಶಾಖ ಕೊಟ್ಟರು, ನಾನೂ ಸುಮ್ಮನಿದ್ದೆ. ಎರಡು ವಾರದ ನಂತರ ಫುಟ್‌ಬೆಡ್ ತಂದು ಹಾಕಿದೆ. ಪಾದ ಮೇಲೆದ್ದಿತು. ಪಾದದ ಮೇಲ್ಭಾಗಕ್ಕೆ ಅಂತ ಫೋಮ್ ಬಿಟ್ಟಿದ್ದ ಜಾಗ ಸಾಲಲಿಲ್ಲ. ಅಲ್ಲಿ ನರ, ರಕ್ತನಾಳ ಎರಡೂ ಚರ್ಮಕ್ಕೆ ಹತ್ತಿರದಲ್ಲೇ ಹಾಯುತ್ತವೆ. ಮೂರನೇ ಇಳಿತಕ್ಕೆ ಹೆಬ್ಬೆರಳು ನನ್ನದೇ ಅಲ್ಲ ಅನ್ನಿಸಿತು. ಕೊನೆಗೆ ಫುಟ್‌ಬೆಡ್ ಇಟ್ಟು ಮತ್ತೆ ಶಾಖ ಕೊಡಿಸಬೇಕಾಯಿತು. ಈ ಫೋಮ್‌ಗೆ ಒಂದಕ್ಕಿಂತ ಹೆಚ್ಚು ಸಲ ಶಾಖ ಕೊಡಬಹುದು, ಅಷ್ಟೇ ಸಮಾಧಾನ.

ಫುಟ್‌ಬೆಡ್ ಕತ್ತರಿಸುವಾಗ ಹಳೆಯ ಇನ್‌ಸೋಲನ್ನು ಅದರ ಮೇಲಿಟ್ಟು ಗೆರೆ ಎಳೆಯಿರಿ. ಗೆರೆಯ ಹೊರಗೆ ಕತ್ತರಿಸಿ, ಹಾಕಿ ನೋಡಿ, ಮತ್ತೆ ಚೂರು ಕತ್ತರಿಸಿ. ಅಂಚು ಮೇಲಕ್ಕೆ ಮಡಚಿಕೊಂಡರೆ ಅದೇ ಬೆರಳಿಗೆ ಚುಚ್ಚುತ್ತದೆ.

ಶಾಖ ಕೊಡುವ ದಿನ

ಒಂದೇ ಜೊತೆ ತೆಳು ಕಾಲುಚೀಲ. ಚಳಿಗೆ ಅಂತ ಎರಡು ಜೊತೆ ಬೇಡ, ಒಳಗಿನ ಪ್ಯಾಂಟಿನ ತುದಿಯೂ ಬೂಟಿನೊಳಗೆ ಬೇಡ. ಬೆರಳುಗಳ ಮೇಲೆ ಮೊದಲು ಒಂದು ದಪ್ಪ ಟೋಪಿ ಹಾಕುತ್ತಾರೆ. ಹಳೆ ಕಾಲುಚೀಲದ ತುದಿ ಕತ್ತರಿಸಿ ಒಳಗೆ ತುಂಡು ಫೋಮ್ ಇಟ್ಟರೂ ಸಾಕು. ಅದರ ಮೇಲೆ ಕಾಲುಚೀಲ. ಗಿಣ್ಣಿನ ಎಲುಬು, ಕಿರುಬೆರಳ ಬುಡ, ಎಲ್ಲಿ ಒತ್ತುತ್ತದೋ ಅಲ್ಲಿ ಫೋಮಿನ ಸಣ್ಣ ಬಿಲ್ಲೆ ಅಂಟಿಸುತ್ತಾರೆ. ಮೆತ್ತಗಾದ ಲೈನರ್ ಆ ಉಬ್ಬಿನ ಸುತ್ತ ಕೂರುತ್ತದೆ. ಆಮೇಲೆ ಬಿಲ್ಲೆ ತೆಗೆದರೆ ಎಲುಬಿಗೆ ಜಾಗ ಉಳಿಯುತ್ತದೆ.

ಅಂಗಡಿಗಳಲ್ಲಿ ಲೈನರ್‌ನೊಳಗೆ ಬಿಸಿಗಾಳಿ ಊದುವ ಯಂತ್ರ ಇರುತ್ತದೆ. ವ್ಯಾಂಕೂವರ್‌ನದೇ ಆದ ಇಂಟ್ಯೂಷನ್ ಲೈನರ್‌ಗಳಿಗೆ ಮನೆಯಲ್ಲೇ ಮಾಡುವ ದಾರಿಯೂ ಇದೆ. ಕಾಲುಚೀಲಕ್ಕೆ ಅಕ್ಕಿ ತುಂಬಿ, ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ, ಲೈನರ್‌ನೊಳಗೆ ಇಳಿಸುವುದು. ಉಳುಕಿದ ಕಾಲಿಗೆ ಅಜ್ಜಿ ಬಿಸಿ ಅಕ್ಕಿಗಂಟಿನ ಶಾಖ ಕೊಡುತ್ತಿದ್ದದ್ದು ನೆನಪಾಯಿತು. ಎಷ್ಟು ಹೊತ್ತು, ಎಷ್ಟು ಬಿಸಿ ಅನ್ನುವುದನ್ನು ಆ ಲೈನರ್ ತಯಾರಕರು ಹೇಳಿದಂತೆಯೇ ಮಾಡಿ. ಅಡುಗೆ ಅವನ್‌ಗೆ ಅಂದಾಜಿನ ಮೇಲೆ ಇಡಬೇಡಿ, ಕಾದ ಕಂಬಿಯ ಹತ್ತಿರ ಫೋಮ್ ಸುಟ್ಟುಹೋಗುತ್ತದೆ.

ಬಿಸಿಯಾದ ಮೇಲೆ ಕೈ ಚುರುಕಾಗಿರಬೇಕು. ಫುಟ್‌ಬೆಡ್ ಒಳಗಿದೆಯಾ ನೋಡಿ. ಲೈನರ್ ಒಳಗೆ ಎಲ್ಲೂ ಮಡಿಕೆ ಬೀಳದಂತೆ ಕಾಲು ಇಳಿಸಿ. ಬೂಟಿನ ಹಿಂಭಾಗವನ್ನು ನೆಲಕ್ಕೆ ಎರಡು ಮೂರು ಸಲ ಕುಟ್ಟಿ. ಆ ಕುಟ್ಟುವಿಕೆಯಲ್ಲೇ ಹಿಮ್ಮಡಿ ಗುಳಿಗೆ ಕೂರುತ್ತದೆ. ಆಮೇಲೆ ಬಿಗಿಯಿರಿ, ದಾರವಾಗಲಿ, ತಿರುಗಿಸಿದರೆ ತೆಳು ತಂತಿ ಎಳೆದು ಬಿಗಿಯುವ, 2001ರಲ್ಲಿ ಬಂದ ಬೋವಾ ಗುಂಡಿಯಾಗಲಿ. ಬೋರ್ಡಿನ ಮೇಲೆ ನಿಲ್ಲುವ ಹಾಗೆಯೇ ಮೊಣಕಾಲು ಸ್ವಲ್ಪ ಬಗ್ಗಿಸಿ, ತಣಿಯುವ ತನಕ ನಿಲ್ಲಿ. ಸುಮಾರು ಹತ್ತು ನಿಮಿಷ. ನಡೆದಾಡಬೇಡಿ, ಫೋನ್ ಹಿಡಿದು ಕುರ್ಚಿಗೆ ಒರಗಬೇಡಿ. ಒರಗಿದರೆ ಒರಗಿದ ಆಕಾರ ಉಳಿಯುತ್ತದೆ.

ತಣಿದ ಮೇಲೆ ತುದಿಗಾಲಲ್ಲಿ ನಿಂತು ನೋಡಿ. ಹಿಮ್ಮಡಿ ಬೂಟಿನೊಳಗೆ ಏಳಬಾರದು. ಬೆರಳ ಕಡೆಯ ಅಂಚಿನಲ್ಲಿ ತಿರುಗುವಾಗ ಹಿಮ್ಮಡಿ ಎದ್ದರೆ, ನೀವು ಬಾಗಿದ್ದು ಬೋರ್ಡಿಗೆ ತಡವಾಗಿ ಮುಟ್ಟುತ್ತದೆ. ತಿರುವು ಬರುತ್ತಿಲ್ಲ ಅಂತ ಕಲಿಯುವವರು ತಮ್ಮನ್ನೇ ಬೈದುಕೊಳ್ಳುತ್ತಾರೆ. ಎಷ್ಟೋ ಸಲ ಬೂಟೇ ಕಾರಣ. ಸ್ವಲ್ಪ ಮಾತ್ರ ಎದ್ದರೆ ಗಿಣ್ಣಿನ ಹಿಂದೆ, ಲೈನರ್‌ನ ಹೊರಮೈಗೆ ‘ಜೆ’ ಆಕಾರದ ಫೋಮ್ ಅಂಟಿಸಿದರೆ ನಿಲ್ಲುತ್ತದೆ. ಹತ್ತಾರು ದಿನ ಆಡಿದ ಮೇಲೆ ಫೋಮ್ ಇನ್ನಷ್ಟು ಅಡಗಿ ಬೂಟು ಸಡಿಲವಾಗುತ್ತದೆ. ಈ ಜೆ ತುಂಡು ಆಗಲೂ ಬೇಕಾಗುತ್ತದೆ, ಒಂದು ಜೊತೆ ಇಟ್ಟುಕೊಂಡಿರಿ.

ಮನೆಗೆ ಬಂದ ರಾತ್ರಿ ಲೈನರ್ ಹೊರತೆಗೆದು, ಫುಟ್‌ಬೆಡ್ ಬಿಡಿಸಿ, ಗಾಳಿಗೆ ಒಣಗಲು ಬಿಡಿ. ಹೀಟರ್ ಪಕ್ಕ ಬೇಡ. ಅಲ್ಲಿ ಮತ್ತೆ ಮೆತ್ತಗಾಗಿ, ಒಳಗೆ ಕಾಲಿಲ್ಲದೆ ತಣಿದು ಆಕಾರ ಕೆಡುತ್ತದೆ.