ಬಣ್ಣ ಆಮೇಲೆ, ಮೊದಲು ಬಿಪಿ ನೋಡಿ

ಬೋರ್ ಹೊಡೆಯೋದೇ ನನ್ನ ಕಸುಬು. ಬೆಂಗಳೂರಿನಲ್ಲಿ ಸಿಲಿಂಡರ್‌ಗೆ ಬೋರ್ ಹಾಕುವ, ಅಂದರೆ ಸವೆದ ಒಳಗೋಡೆಯನ್ನು ಕೊರೆದು ಸರಿಮಾಡುವ ಸಣ್ಣ ಅಂಗಡಿ ಇದೆ. ಮನೆಯಲ್ಲೂ ಅದೇ ಕಸುಬು ಅಂತ ನನ್ನ ಹೆಂಡತಿ ಹೇಳುತ್ತಾಳೆ. ಮೊದಲೆಲ್ಲ ಆಟೊ, ಟ್ರ್ಯಾಕ್ಟರ್, ನೀರಿನ ಪಂಪು ಬರುತ್ತಿದ್ದವು. ಈಗ ವಾರಕ್ಕೆ ಮೂರು ನಾಲ್ಕು ಹಳೆಯ ಯಮಹಾ ಬೈಕಿನ ಸಿಲಿಂಡರ್‌ಗಳು ಬರುತ್ತವೆ. ತರುವವರು ಮೆಕ್ಯಾನಿಕ್‌ಗಳಲ್ಲ. ಬ್ಯಾಂಕಿನವರು, ಡಾಕ್ಟರು, ಸಾಫ್ಟ್‌ವೇರ್ ಹುಡುಗರು. ಅಪ್ಪನ ಗಾಡಿಯನ್ನು ಮತ್ತೆ ಓಡಿಸಬೇಕು ಅನ್ನುವ ಆಸೆ ಅವರದು.

ಕಳೆದ ವರ್ಷ ಸಕಲೇಶಪುರದ ಕಡೆಯ ಹುಡುಗನೊಬ್ಬ ಬಂದಿದ್ದ. ಅಪ್ಪನ 1991ರ ಆರ್‌ಎಕ್ಸ್ 100, ಯಮಹಾದ ಟೂ ಸ್ಟ್ರೋಕ್ ಬೈಕು. ತೋಟದ ಶೆಡ್ಡಿನಲ್ಲಿ ಹದಿನಾಲ್ಕು ವರ್ಷ ಕೂತಿತ್ತು. ಟ್ಯಾಂಕಿಗೆ ಹೊಸ ಬಣ್ಣ, ಚೇಸಿಸ್‌ಗೆ ಪೌಡರ್ ಕೋಟಿಂಗ್, ಸೈಲೆನ್ಸರ್‌ಗೆ ಕ್ರೋಮ್, ಹೊಸ ಸೀಟು, ಹೊಸ ಟೈರು, ಎಲ್ಲ ಆಗಿತ್ತು. ಎಂಜಿನ್ ಮಾತ್ರ ಬಿಚ್ಚಿರಲಿಲ್ಲ. "ಅಣ್ಣ, ಬರೀ 18 ಸಾವಿರ ಕಿಲೋಮೀಟರ್ ಓಡಿರೋದು, ಒಂದೇ ಕಿಕ್‌ಗೆ ಸ್ಟಾರ್ಟ್ ಆಯ್ತು" ಅಂದ. ಮೊದಲ ದೂರದ ಸವಾರಿಯಲ್ಲೇ ನೆಲಮಂಗಲ ದಾಟುವ ಹೊತ್ತಿಗೆ ಪಿಸ್ಟನ್ ಸೀಜ್ ಆಗಿ ಹಿಂದಿನ ಚಕ್ರ ಲಾಕ್ ಆಗಿದೆ. ಬೀಳಲಿಲ್ಲ, ಪುಣ್ಯ. ಸಿಲಿಂಡರ್ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದೆ. ಸೈಲೆನ್ಸರ್ ಕಡೆಯ ಗೋಡೆಯಲ್ಲಿ ಅಲ್ಯೂಮಿನಿಯಂ ಬಳಿದ ಹಾಗೆ ಗೆರೆಗಳು. ಪಿಸ್ಟನ್ ಕರಗಿ ಅಂಟಿಕೊಂಡಿತ್ತು.

ಇಂಥ ಕೇಸುಗಳಲ್ಲಿ ಎಲ್ಲರೂ ಆಯಿಲ್ ಕಡಿಮೆಯಾಗಿರಬೇಕು ಅನ್ನುತ್ತಾರೆ. ಅದೂ ಇರುತ್ತದೆ. ಆದರೆ ನನ್ನ ಅನುಭವದಲ್ಲಿ, ವರ್ಷಗಟ್ಟಲೆ ನಿಂತ ಟೂ ಸ್ಟ್ರೋಕ್ ಗಾಡಿಯಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಗಾಳಿಯನ್ನು.

ಯಾಕೆ ಅಂತ ಹೇಳುತ್ತೇನೆ. ಫೋರ್ ಸ್ಟ್ರೋಕ್ ಎಂಜಿನ್‌ನ ಕೆಳಭಾಗದಲ್ಲಿ ಆಯಿಲ್ ಇರುತ್ತದೆ. ಅಲ್ಲಿ ಸೀಲ್ ಹೋದರೆ ಆಯಿಲ್ ಸೋರುತ್ತದೆ, ನೆಲದ ಮೇಲೆ ಕಲೆಯಾಗುತ್ತದೆ, ನಿಮಗೆ ಗೊತ್ತಾಗುತ್ತದೆ. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಇರುವ ಜಾಗವೇ ಎಂಜಿನ್‌ನ ಶ್ವಾಸಕೋಶ. ಪಿಸ್ಟನ್ ಮೇಲೆ ಹೋದಾಗ ಕೆಳಗೆ ಖಾಲಿಯಾಗಿ, ಒಳಕ್ಕೆ ಮಾತ್ರ ತೆರೆಯುವ ಎಲೆಯಂಥ ರೀಡ್ ವಾಲ್ವ್ ತೆರೆದು, ಕಾರ್ಬೊರೇಟರ್‌ನಿಂದ ಪೆಟ್ರೋಲ್ ಬೆರೆತ ಗಾಳಿ ಒಳಗೆ ಬರುತ್ತದೆ. ಪಿಸ್ಟನ್ ಕೆಳಗೆ ಬಂದಾಗ ಅದೇ ಗಾಳಿ ಒತ್ತಿಸಿಕೊಂಡು ಪಕ್ಕದ ಪೋರ್ಟ್‌ಗಳಿಂದ ಮೇಲಕ್ಕೆ ನುಗ್ಗುತ್ತದೆ. ಈ ಜಾಗ ಎರಡೂ ಕಡೆ ಬಿಗಿಯಾಗಿ ಮುಚ್ಚಿರಬೇಕು. ಮುಚ್ಚುವುದು ಕ್ರ್ಯಾಂಕ್‌ನ ಎರಡು ತುದಿಯ ರಬ್ಬರ್ ಸೀಲ್‌ಗಳು. ಗಾಡಿ ಓಡದಿದ್ದರೂ ರಬ್ಬರ್‌ಗೆ ವಯಸ್ಸಾಗುತ್ತದೆ. ಹದಿನಾಲ್ಕು ವರ್ಷದಲ್ಲಿ ಅದು ಚಕ್ಕುಲಿ ಥರ ಗಟ್ಟಿ.

ಆರ್‌ಎಕ್ಸ್‌ನಲ್ಲಿ ಎಡಗಡೆ ಕರೆಂಟ್ ಕೊಡುವ ಮ್ಯಾಗ್ನೆಟ್, ಬಲಗಡೆ ಕ್ಲಚ್. ಬಲಗಡೆ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಸುಡುತ್ತದೆ. ಬೀದಿಯೆಲ್ಲ ಬಿಳಿ ಹೊಗೆ, ಗೇರ್ ಬಾಕ್ಸ್‌ನಲ್ಲಿ ಆಯಿಲ್ ಇಳಿಯುತ್ತಾ ಹೋಗುತ್ತದೆ. ಇದಾದರೆ ಬಚಾವ್, ಕಣ್ಣಿಗೆ ಕಾಣುತ್ತದೆ. ಎಡಗಡೆಯದು ಹೋದರೆ ಏನೂ ಕಾಣುವುದಿಲ್ಲ. ಬರೀ ಗಾಳಿ ಎಳೆಯುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಅದರ ಜೊತೆ ಬರುವ ಆಯಿಲ್ಲೂ ಕಡಿಮೆ, ಬಿಸಿ ಜಾಸ್ತಿ. ಇದರಲ್ಲೊಂದು ಮೋಸ ಇದೆ. ಆ ಸ್ಥಿತಿಯಲ್ಲಿ ಗಾಡಿ ಸ್ವಲ್ಪ ಹೊತ್ತು ಎಂದಿಗಿಂತ ಚುರುಕಾಗಿ ಓಡುತ್ತದೆ! "ಸೂಪರಾಗಿ ಪಿಕಪ್ ಇತ್ತು ಅಣ್ಣ, ಆಮೇಲೆ ಏನಾಯ್ತೋ" ಅಂತ ಈ ಹುಡುಗನೂ ಅಂದಿದ್ದ.

ಇದನ್ನು ಮೊದಲೇ ಕಂಡುಹಿಡಿಯಲು ನಾನು ಬಳಸುವುದು ಮೆಡಿಕಲ್ ಅಂಗಡಿಯ ಬಿಪಿ ಮೀಟರು. ಹೌದು, ಕೈಗೆ ಪಟ್ಟಿ ಕಟ್ಟಿ ಬಲೂನು ಒತ್ತುತ್ತಾರಲ್ಲ, ಅದೇ. ಪಟ್ಟಿ ಬಿಚ್ಚಿ ಎಸೆದು ಬಲ್ಬು, ಮೀಟರು, ಪೈಪು ಉಳಿಸಿಕೊಂಡಿದ್ದೇನೆ. ಹಳೆಯ ಸ್ಪಾರ್ಕ್ ಪ್ಲಗ್ಗಿನ ಒಳಗಿನ ಪಿಂಗಾಣಿ ಒಡೆದು ತೆಗೆದು, ಆ ತೂತಿಗೆ ಪೈಪಿನ ನಿಪ್ಪಲ್ ಅಂಟಿಸಿದ್ದೇನೆ. ಸೈಲೆನ್ಸರ್ ಬಿಚ್ಚಿ ಆ ಬಾಯಿಗೆ ಟ್ಯೂಬಿನ ರಬ್ಬರ್ ತುಂಡು ಇಟ್ಟು ತಗಡಿನ ಪಟ್ಟಿಯಿಂದ ಬಿಗಿಯುವುದು. ಕಾರ್ಬೊರೇಟರ್ ಬಿಚ್ಚಿ ಆ ಬಾಯಿಗೆ ರಬ್ಬರ್ ಬಿರಡೆ ಹಾಕಿ ಕ್ಲಿಪ್ ಬಿಗಿಯುವುದು. ಆಯಿಲ್ ಪೈಪ್ ಬಂದು ಸೇರುವ ತೂತನ್ನೂ ಮುಚ್ಚಬೇಕು, ಇದನ್ನು ಮರೆಯುವವರೇ ಜಾಸ್ತಿ. ಪಿಸ್ಟನ್ ಪೂರ್ತಿ ಕೆಳಗಿರಲಿ, ಆಗ ಪೋರ್ಟ್‌ಗಳು ತೆರೆದು ಮೇಲೂ ಕೆಳಗೂ ಒಂದೇ ಕೋಣೆ ಆಗುತ್ತದೆ. ಈಗ ಬಲ್ಬ್ ಒತ್ತಿ. ಮುಳ್ಳು 250ಕ್ಕೆ ಬರಲಿ. ಅಂದರೆ ಸುಮಾರು 5 ಪಿಎಸ್ಐ. ಇದಕ್ಕಿಂತ ಜಾಸ್ತಿ ಹಾಕಬೇಡಿ, ಒಳ್ಳೆಯ ಸೀಲ್ ಕೂಡ ಹೊರಗೆ ಹಾರೀತು. ಕಂಪ್ರೆಸರ್ ಗಾಳಿಯಂತೂ ಬೇಡವೇ ಬೇಡ.

ಐದಾರು ನಿಮಿಷ ಮುಳ್ಳು ಹೆಚ್ಚು ಕಡಿಮೆ ಅಲ್ಲೇ ನಿಲ್ಲಬೇಕು. ಹುಡುಗನ ಗಾಡಿಗೆ ಬೇರೆ ಸಿಲಿಂಡರ್ ಕೂರಿಸಿ ಒತ್ತಿದೆ. ಮುಳ್ಳು 200 ಮುಟ್ಟಲಿಲ್ಲ, ಬಲ್ಬ್ ಬಿಟ್ಟರೆ ಸೊಯ್ ಅಂತ ಇಳಿಯಿತು. ಸೋಪಿನ ನೀರು ಬ್ರಷ್‌ನಲ್ಲಿ ಹಚ್ಚುತ್ತಾ ಹೋದೆವು. ಸಿಲಿಂಡರ್ ಬುಡದ ಪ್ಯಾಕಿಂಗ್ ಸರಿ. ಕಾರ್ಬೊರೇಟರ್ ಬಾಯಿಯ ರಬ್ಬರ್‌ನಲ್ಲಿ ಕೂದಲೆಳೆ ಬಿರುಕು, ಅಲ್ಲಿ ಸಣ್ಣ ಗುಳ್ಳೆ. ಪುಲ್ಲರ್ ಹಾಕಿ ಮ್ಯಾಗ್ನೆಟ್ ಕಳಚಿ ಹಿಂದಿನ ಸೀಲ್‌ಗೆ ನೀರು ಹಚ್ಚಿದಾಗ ನೊರೆ ಬುಸುಬುಸು ಎದ್ದಿತು. ಹುಡುಗ ಮೊಬೈಲ್ ತೆಗೆದು ವಿಡಿಯೊ ಮಾಡಿಕೊಂಡ. ಸೀಲ್‌ಗಳ ಬೆಲೆ ಅವನ ಪೌಡರ್ ಕೋಟಿಂಗ್ ಬಿಲ್ಲಿನ ಮುಂದೆ ಏನೂ ಅಲ್ಲ.

ಬಲಗಡೆ ಸೀಲ್ ಸೋರುತ್ತಿದ್ದರೆ ಗೇರ್ ಆಯಿಲ್ ಹಾಕುವ ಬಾಯಿಗೆ ಸೋಪಿನ ಪೊರೆ ಹಚ್ಚಿ ನೋಡಿ, ಅದು ಉಬ್ಬುತ್ತದೆ.

ಇನ್ನು ಬೋರ್ ವಿಷಯ. ಆರ್‌ಎಕ್ಸ್ 100ರ ಬೋರ್ 50 ಮಿಲಿಮೀಟರ್, ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, ಅದೂ 50. ಲೆಕ್ಕ ಹಾಕಿದರೆ 98 ಸಿಸಿ. ಕಾಲು ಕಾಲು ಮಿಲಿಮೀಟರ್ ಏರಿಸುತ್ತಾ 51ರವರೆಗೆ ನಾಲ್ಕು ಸಲ ಬೋರ್ ಹಾಕಬಹುದು. ಸಿಲಿಂಡರ್ ಒಂದೇ ತಂದು "50.50ಗೆ ಹಾಕಿಡಿ, ಪಿಸ್ಟನ್ ಆಮೇಲೆ ತರ್ತೀನಿ" ಅನ್ನುವವರನ್ನು ವಾಪಸ್ ಕಳಿಸುತ್ತೇನೆ. ಪಿಸ್ಟನ್ ಅಳೆದೇ ಬೋರ್ ಹಾಕಬೇಕು. ಪಿಸ್ಟನ್‌ಗೂ ಗೋಡೆಗೂ ನಡುವೆ ಬಿಡುವ ಜಾಗ ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗ. ಒಂದೇ ಅಳತೆಯ ಡಬ್ಬಿಯಲ್ಲಿ ಬರುವ ಎರಡು ಪಿಸ್ಟನ್‌ಗಳೂ ಮೈಕ್ರೊಮೀಟರ್‌ನಲ್ಲಿ ಒಂದೇ ಇರುವುದಿಲ್ಲ.

ಬೋರ್ ಹಾಕಿಸಿಕೊಂಡವರು ಇನ್ನೊಂದನ್ನು ನೋಡಲೇಬೇಕು. ಪೋರ್ಟ್ ಕಿಟಕಿಗಳ ಅಂಚಿನ ಮೇಲೆ ಬೆರಳು ಆಡಿಸಿ. ಬ್ಲೇಡ್ ಥರ ಚುಚ್ಚಿದರೆ ಆ ಸಿಲಿಂಡರ್ ಕೂರಿಸಬೇಡಿ. ಅಂಚು ಸ್ವಲ್ಪ ಉಜ್ಜಿ ಇಳಿಜಾರು ಮಾಡಿರಬೇಕು. ಇಲ್ಲದಿದ್ದರೆ ಪಿಸ್ಟನ್ನಿನ ರಿಂಗ್ ಅಲ್ಲಿಗೆ ಸಿಕ್ಕಿ ಮುರಿಯುತ್ತದೆ. ನಮ್ಮ ಕಸುಬಿನಲ್ಲೇ ಆ ಐದು ನಿಮಿಷದ ಕೆಲಸ ಬಿಡುವವರಿದ್ದಾರೆ, ಏನು ಮಾಡೋಣ. ಪಿಸ್ಟನ್ ತಲೆಯ ಮೇಲಿನ ಬಾಣ ಸೈಲೆನ್ಸರ್ ಕಡೆಗಿರಲಿ.

ಆಯಿಲ್ ಪಂಪ್ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಯಮಹಾದವರು ಆಟೊಲ್ಯೂಬ್ ಅಂತ ಪಂಪ್ ಕೊಟ್ಟಿದ್ದರು. ಪಕ್ಕದ ಡಬ್ಬಿಯಲ್ಲಿ ಟೂ ಟಿ (ಟೂ ಸ್ಟ್ರೋಕ್ ಎಂಜಿನ್ನಿನ) ಆಯಿಲ್ ತುಂಬಿದರೆ ಸಾಕು, ಥ್ರಾಟಲ್ (ಆಕ್ಸಿಲರೇಟರ್) ತಿರುಗಿಸಿದಷ್ಟು ಆಯಿಲ್ ಅದೇ ಕೊಡುತ್ತದೆ. ನಮ್ಮೂರ ಗ್ಯಾರೇಜುಗಳಲ್ಲಿ "ಪಂಪ್ ನಂಬಬೇಡಿ" ಅಂತ ಕಿತ್ತುಹಾಕಿ, ಪೆಟ್ರೋಲಿಗೇ ಆಯಿಲ್ ಬೆರೆಸುವ ಅಭ್ಯಾಸ ಬಂತು. ಊರೊಳಗೆ ನಡೆಯುತ್ತದೆ. ಚಾರ್ಮಾಡಿ ಘಾಟಿ ಇಳಿಯುವುದನ್ನು ಯೋಚಿಸಿ. ಥ್ರಾಟಲ್ ಪೂರ್ತಿ ಮುಚ್ಚಿ ಮೂರನೇ ಗೇರಿನಲ್ಲಿ ಇಳಿಯುತ್ತೀರಿ. ಎಂಜಿನ್ ಜೋರಾಗಿ ತಿರುಗುತ್ತಿದೆ, ಆದರೆ ಪೆಟ್ರೋಲ್ ತೀರಾ ಕಡಿಮೆ ಹೋಗುತ್ತಿದೆ. ಪೆಟ್ರೋಲ್ ಕಡಿಮೆಯಾದರೆ ಅದರಲ್ಲಿ ಬೆರೆತ ಆಯಿಲ್ಲೂ ಕಡಿಮೆ. ಪಂಪ್ ಇದ್ದರೆ ಎಂಜಿನ್ ತಿರುಗುವವರೆಗೂ ಒಂದಿಷ್ಟು ಹನಿಸುತ್ತಲೇ ಇರುತ್ತದೆ. ಬೆರೆಸಿಯೇ ಓಡಿಸುವವರು ಇಳಿಜಾರಿನಲ್ಲಿ ಆಗಾಗ ಥ್ರಾಟಲ್ ಒಂಚೂರು ಕೊಡುತ್ತಿರಿ.

ಪಂಪ್ ಮತ್ತೆ ಕೂರಿಸಿದ ಮೇಲೆ ಪೈಪಿನೊಳಗೆ ಗಾಳಿ ಉಳಿದಿರುತ್ತದೆ. ಪಂಪಿನ ಮೇಲೆ ಗಾಳಿ ಬಿಡುವ ಸಣ್ಣ ಸ್ಕ್ರೂ ಇದೆ. ಬಿಚ್ಚಿ, ಗುಳ್ಳೆ ನಿಂತು ಬರೀ ಆಯಿಲ್ ಬರುವವರೆಗೆ ಕಾಯಿರಿ. ಮೊದಲ ಟ್ಯಾಂಕ್ ಪೆಟ್ರೋಲಿಗೆ ಲೀಟರಿಗೆ 20-25 ಎಂಎಲ್ ಆಯಿಲ್ ಬೆರೆಸಿಯೂ ಇರಲಿ.

ಸ್ಕ್ರೂ ಅಂದಾಗ ನೆನಪಾಯಿತು. ಜಪಾನಿನ ಗಾಡಿಗಳ ಕವರ್ ಸ್ಕ್ರೂಗಳ ತಲೆ ನೋಡಲು ಮಾಮೂಲಿ ಪ್ಲಸ್ ಥರವೇ ಇದೆ, ಆದರೆ ಅಲ್ಲ. ಅದು ಅವರ ಜೆಐಎಸ್ ಅಳತೆ. ತುಂಬ ಸ್ಕ್ರೂಗಳ ತಲೆ ಮೇಲೆ ಸೂಜಿಯಷ್ಟು ಚುಕ್ಕೆ ಇರುತ್ತದೆ. ನಮ್ಮ ಫಿಲಿಪ್ಸ್ ಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ. ಬಲ ಹಾಕಿದರೆ ಜಾರಿ ಮೇಲೆ ಬರುತ್ತದೆ, ತಲೆ ಸವೆದು ಗುಂಡಗಾಗುತ್ತದೆ. ಆಮೇಲೆ ಉಳಿ, ಸುತ್ತಿಗೆ, ಬೈಗುಳ. ಜೆಐಎಸ್ ಬಿಟ್ ಒಂದು ತರಿಸಿಕೊಳ್ಳಿ, ಸುತ್ತಿಗೆಯಿಂದ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್‌ಗೆ ಅದನ್ನು ಹಾಕಿ. ಈ ವಿಷಯ ಗೊತ್ತಾಗುವ ಮೊದಲು ನಾನು ಹಾಳು ಮಾಡಿದ ಸ್ಕ್ರೂಗಳಲ್ಲಿ ಒಂದು ಡಬ್ಬಿ ತುಂಬುತ್ತದೆ.

ಹಾಳು ಮಾಡಿದ್ದು ಸ್ಕ್ರೂ ಮಾತ್ರ ಆಗಿದ್ದರೆ ಚೆನ್ನಾಗಿತ್ತು. ನನ್ನದೇ ಒಂದು ಯಮಹಾ ಆರ್‌ಡಿ 350 ಇದೆ. ಎಸ್ಕಾರ್ಟ್ಸ್‌ನವರು 1983ರಿಂದ ರಾಜದೂತ್ ಹೆಸರಲ್ಲಿ ಮಾಡಿದ 347 ಸಿಸಿ, ಎರಡು ಸಿಲಿಂಡರ್, ಆರು ಗೇರಿನ ಗಾಡಿ. ಜಪಾನಿನಲ್ಲಿ ಅದೇ ಗಾಡಿಯ ಮುಂದಕ್ಕೆ ಡಿಸ್ಕ್ ಬ್ರೇಕ್ ಇತ್ತು, ಇಲ್ಲಿ ಡ್ರಮ್ ಕೊಟ್ಟರು. 30 ಬಿಎಚ್‌ಪಿ ಗಾಡಿಗೆ ಆ ಡ್ರಮ್ ಸಾಲದು ಅಂತ ಈಗಲೂ ನನ್ನ ಅಭಿಪ್ರಾಯ. ಅದರ ಎರಡೂ ಮಿಕುನಿ ಕಾರ್ಬೊರೇಟರ್ ಕೊಳೆಯಾಗಿದ್ದವು ಅಂತ ಗುಜರಿಗೆ ಹಾಕಿ, ಫಳಫಳ ಹೊಳೆಯುವ ಹೊಸ ನಕಲಿ ಜೋಡಿ ತಂದೆ. ಎರಡು ತಿಂಗಳು ಒದ್ದಾಡಿದೆ. ಒಂದು ಸಿಲಿಂಡರ್ ಒಂದು ಹಾಡು, ಇನ್ನೊಂದು ಇನ್ನೊಂದು ಹಾಡು. ಕೊನೆಗೆ ಬೇರೊಬ್ಬರ ಹಳೆಯ ಮಿಕುನಿ ಜೋಡಿಯನ್ನು ಹೊಸದರ ಮೂರರಷ್ಟು ಕೊಟ್ಟು ಕೊಂಡೆ. ತೊಳೆದು ಹಾಕಿದ ದಿನವೇ ಸರಿಹೋಯಿತು. ಜೆಟ್‌ನ (ಪೆಟ್ರೋಲ್ ಅಳೆದು ಬಿಡುವ ಹಿತ್ತಾಳೆ ತುಂಡಿನ) ತೂತು ಕೂದಲೆಳೆ ಹೆಚ್ಚು ಕಡಿಮೆ ಆದರೂ ಸಾಕು, ನಕಲಿಗಳಲ್ಲಿ ಅದೇ ತೊಂದರೆ. ಹಳೆಯ ಭಾಗ ಏನೇ ಬಿಚ್ಚಿದರೂ ಡಬ್ಬಿಗೆ ಹಾಕಿ ಚೀಟಿ ಅಂಟಿಸಿಡಿ. ಗಾಡಿ ಸಾವಿರ ಕಿಲೋಮೀಟರ್ ಓಡುವವರೆಗೆ ಯಾವುದನ್ನೂ ಎಸೆಯಬೇಡಿ.

ಆರ್‌ಡಿಯ ಇಗ್ನಿಷನ್ ಪಾಯಿಂಟ್‌ಗಳದ್ದು. ಅಂದರೆ ತೆರೆದು ಮುಚ್ಚಿ ಕಿಡಿ ಹಾರಿಸುವ ಸಣ್ಣ ಸ್ವಿಚ್ಚುಗಳದ್ದು. ಅವುಗಳ ಗ್ಯಾಪ್ 0.3ರಿಂದ 0.4 ಮಿಲಿಮೀಟರ್. ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಪಿಸ್ಟನ್ ತುದಿ ಮುಟ್ಟುವ 2 ಮಿಲಿಮೀಟರ್ ಮೊದಲು. ಎರಡೂ ಸಿಲಿಂಡರ್‌ಗೆ ಬೇರೆ ಬೇರೆ ನೋಡಬೇಕು, ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಇಟ್ಟೇ ನೋಡಬೇಕು. ಅಂದಾಜು, ಕಿವಿ, ಅನುಭವ ಇಲ್ಲಿ ಬೇಡ. ಬಿಡಿಭಾಗದ ಚಿಂತೆ ಅಷ್ಟೊಂದಿಲ್ಲ. ಈ ಎಂಜಿನ್ 1973ರಿಂದ 75ರವರೆಗೆ ಅಮೆರಿಕದಲ್ಲೂ ಮಾರಾಟವಾಗಿತ್ತು, ಸೀಲ್ ಸೆಟ್‌ಗಳು ಅಲ್ಲಿ ಸಿಗುತ್ತವೆ. ಅಲ್ಲಿರುವ ನಮ್ಮ ಹುಡುಗರು ರಜಕ್ಕೆ ಬರುವಾಗ ಚಾಕೊಲೇಟ್ ಜೊತೆ ಅದನ್ನೂ ತರುತ್ತಾರೆ.

ಟ್ಯಾಂಕಿನ ತುಕ್ಕಿಗೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು. ಲೀಟರ್ ನೀರಿಗೆ 50 ಗ್ರಾಂ, ಒಂದು ರಾತ್ರಿ. ಬೆಳಿಗ್ಗೆ ಚೆಲ್ಲಿ, ಅಡುಗೆ ಸೋಡದ ನೀರಿನಲ್ಲಿ ತೊಳೆದು, ತಕ್ಷಣ ಒಣಗಿಸಿ, ಟೂ ಟಿ ಆಯಿಲ್ ಬೆರೆತ ಪೆಟ್ರೋಲ್ ಹಾಕಿ ಅಲ್ಲಾಡಿಸಿ. ತಡ ಮಾಡಿದರೆ ಕಣ್ಣೆದುರೇ ಮತ್ತೆ ಕೆಂಪಾಗುತ್ತದೆ.

ಈಗಿನ ಪೆಟ್ರೋಲ್ ಬೇರೆ. ಶೇಕಡ 20 ಎಥೆನಾಲ್. ಎಥೆನಾಲ್ ನೀರು ಹೀರುತ್ತದೆ, ನೀರು ಜಾಸ್ತಿಯಾದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿದು ಕೂರುತ್ತವೆ. ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಕಾಕ್‌ನ ವಾಷರು ಊದಿಕೊಳ್ಳುತ್ತವೆ. ಇನ್ನೊಂದು, ಒಂದು ಭಾಗ ಪೆಟ್ರೋಲ್ ಸರಿಯಾಗಿ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕು, ಎಥೆನಾಲ್‌ಗೆ 9 ಸಾಕು. ಶೇಕಡ 20 ಬೆರೆಸಿದರೆ ಸುಮಾರು 13.5 ಆಗುತ್ತದೆ. ಹೊಸ ಗಾಡಿಯ ಸೆನ್ಸರ್ ಅದಕ್ಕೆ ತಕ್ಕಂತೆ ಪೆಟ್ರೋಲ್ ಹೆಚ್ಚಿಸುತ್ತದೆ. 1991ರ ಕಾರ್ಬೊರೇಟರ್‌ಗೆ ಅದೆಲ್ಲಿ ಗೊತ್ತು? ಅದು ಹಳೆಯ ಲೆಕ್ಕದಲ್ಲೇ ಹಾಕುತ್ತದೆ, ಮಿಶ್ರಣ ಮತ್ತೆ ಬಡಕಲು. ಗಾಳಿ ಸೋರಿಕೆ ಇಲ್ಲ ಅಂತ ಖಾತ್ರಿಯಾದ ಮೇಲೆ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ ಪ್ಲಗ್ ಬಣ್ಣ ನೋಡಿ. ಬಿಳಿಚಿಕೊಂಡಿದ್ದರೆ ಇನ್ನೊಂದು ಸೈಜ್. ಕಾಫಿ ಪುಡಿ ಬಣ್ಣ ಬಂದರೆ ಅಲ್ಲಿಗೆ ಬಿಡಿ. ತಿಂಗಳುಗಟ್ಟಲೆ ನಿಲ್ಲಿಸುವ ಮೊದಲು ಕಾಕ್ ಮುಚ್ಚಿ, ಕಾರ್ಬೊರೇಟರ್ ಖಾಲಿಯಾಗಿ ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ.

ವಿಂಟೇಜ್ ನಂಬರ್ ಪ್ಲೇಟ್ ಸಿಗುತ್ತಾ ಅಂತ ಕೇಳುವವರಿದ್ದಾರೆ. ಸಿಗುವುದಿಲ್ಲ. 2021ರ ಕೇಂದ್ರದ ನಿಯಮದ ಪ್ರಕಾರ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರಬೇಕು. ಆರ್‌ಎಕ್ಸ್ 100 ಬಂದದ್ದೇ 1985ರಲ್ಲಿ. ಸಿಕ್ಕರೂ ಆ ಪ್ಲೇಟ್ ಹಾಕಿ ದಿನಾ ಓಡಿಸುವಂತಿಲ್ಲ. ಹದಿನೈದು ವರ್ಷವಾದ ಗಾಡಿಗೆ ಎಫ್‌ಸಿ ಮಾಡಿಸಿ ಆರ್‌ಸಿ ನವೀಕರಿಸಿಕೊಂಡು ಓಡಿಸಿ. ಕೊಳ್ಳುವಾಗ ಎಂಜಿನ್ ಮತ್ತು ಚೇಸಿಸ್ ನಂಬರ್ ಆರ್‌ಸಿ ಜೊತೆ ತಾಳೆ ನೋಡಿ. ನಂಬರ್ ಇರುವ ಜಾಗದಲ್ಲಿ ಮಾತ್ರ ಬಣ್ಣ ದಪ್ಪಗಿದ್ದರೆ ಅಥವಾ ಗ್ರೈಂಡರ್ ಗೆರೆ ಕಂಡರೆ ಎದ್ದು ಬನ್ನಿ, ಟೀ ಕೊಟ್ಟರೂ ಕುಡಿಯಬೇಡಿ.

ಸಕಲೇಶಪುರದ ಗಾಡಿ 50.25ಕ್ಕೆ ಉಳಿಯಲಿಲ್ಲ, 50.50ಕ್ಕೆ ಬೋರ್ ಹಾಕಿದೆ. ಎರಡೂ ಸೀಲ್, ಬಾಯಿಯ ರಬ್ಬರ್, ಬುಡದ ಪ್ಯಾಕಿಂಗ್ ಹೊಸದು. ಆಯಿಲ್ ಪಂಪ್ ಮತ್ತೆ ಕೂತಿತು. ಕೊನೆಗೆ ಬಿಪಿ ನೋಡಿದೆವು. ಹುಡುಗನೇ ಬಲ್ಬ್ ಒತ್ತಿದ. 250. ಆರು ನಿಮಿಷ ಇಬ್ಬರೂ ಮಾತಾಡದೆ ಮುಳ್ಳನ್ನೇ ನೋಡುತ್ತಾ ಕೂತೆವು. ಮುಳ್ಳು 245ರಲ್ಲಿ ನಿಂತಿತ್ತು. "ಅಣ್ಣ, ಇದನ್ನ ನಮ್ಮಪ್ಪನಿಗೂ ಒಂದ್ಸಲ ಕಟ್ಟಿ ನೋಡ್ಬೇಕು" ಅಂದ. ಪಟ್ಟಿ ಎಸೆದುಬಿಟ್ಟಿದ್ದೀನಪ್ಪ ಅಂದೆ.